ಹೈಡ್ರೇಟ್ ಸೇರಿದ ಕಡಲ ಹೂಳಿನ ಬಲವನ್ನು ಹಾಸನದ ಮಣ್ಣಿನ ಪ್ರಯೋಗಾಲಯದಲ್ಲಿ ಅರಿಯುವ ಬಗೆ

ಮೀಥೇನ್ ಹೈಡ್ರೇಟ್ ಸಿಗುವುದು ಆಳ ಸಮುದ್ರದ ತಳದಲ್ಲಿ ಮತ್ತು ಧ್ರುವ ಪ್ರದೇಶದ ಹೆಪ್ಪುಗಟ್ಟಿದ ನೆಲದಡಿಯಲ್ಲಿ. ಹಾಸನದವರು ಸಮುದ್ರ ನೋಡಬೇಕೆಂದರೆ ಶಿರಾಡಿ ಘಾಟಿ ಇಳಿಯಬೇಕು. ಹೀಗಿದ್ದರೂ ಪ್ರತಿ ವರ್ಷ ಅಂತಿಮ ವರ್ಷದ ಸಿವಿಲ್ ವಿದ್ಯಾರ್ಥಿಗಳಲ್ಲಿ ಒಂದೆರಡು ತಂಡಗಳು ಈ ವಿಷಯವನ್ನು ಪ್ರಾಜೆಕ್ಟಿಗೆ ತೆಗೆದುಕೊಳ್ಳಲು ಬಯಸುತ್ತವೆ, ಮತ್ತು ಉಪಕರಣವಿಲ್ಲವೆಂಬ ಕಾರಣಕ್ಕೆ ಕೊನೆಗೆ ಓದಿದ್ದನ್ನೇ ಬರೆದುಕೊಟ್ಟು ಮುಗಿಸುತ್ತವೆ. ಹಾಗೆ ಮಾಡಬೇಕಾಗಿಲ್ಲ. ಹೈಡ್ರೇಟ್ ಸೇರಿದ ಹೂಳಿನ ನಡವಳಿಕೆಯ ತಿರುಳನ್ನು ಸಾಮಾನ್ಯ ಮಣ್ಣಿನ ಪ್ರಯೋಗಾಲಯ, ಒಂದು ಡೀಪ್ ಫ್ರೀಜರ್ ಮತ್ತು ರಸಾಯನಶಾಸ್ತ್ರ ವಿಭಾಗದವರ ಸಹಕಾರ ಇವಿಷ್ಟರಿಂದಲೇ ಕಣ್ಣಾರೆ ಕಾಣಬಹುದು. ಆ ತಿರುಳು ಇಷ್ಟೇ: ಮರಳಿನ ಸಂದುಗಳಲ್ಲಿ ಹೈಡ್ರೇಟ್ ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಕುಳಿತಿದೆ ಎಂಬುದೇ ಬಲವನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಕೆಳಗಿನ ಹಂತಗಳೆಲ್ಲವೂ ಈ ಒಂದು ಮಾತನ್ನು ಪರೀಕ್ಷಿಸುವುದಕ್ಕಾಗಿಯೇ ಇವೆ.

ಹಂತ 1: ವಸ್ತುವನ್ನು ಮೊದಲು ಅರಿತುಕೊಳ್ಳಿ

ಹೈಡ್ರೇಟ್ ಎಂದರೆ ನೀರಿನ ಅಣುಗಳು ಪಂಜರದಂತೆ ಹೆಣೆದುಕೊಂಡು ಅದರೊಳಗೆ ಅನಿಲದ ಅಣುವೊಂದನ್ನು ಸೆರೆಹಿಡಿದಿರುವ ಘನವಸ್ತು. ನೋಡಲು ಮಂಜುಗಡ್ಡೆಯೇ. ಮೀಥೇನ್ ಹೈಡ್ರೇಟಿನ ಒಂದು ಏಕಕದಲ್ಲಿ 46 ನೀರಿನ ಅಣುಗಳೂ 8 ಪಂಜರಗಳೂ ಇರುತ್ತವೆ. ಎಲ್ಲ ಪಂಜರಗಳೂ ತುಂಬಿದಾಗ ಒಂದು ಮೀಥೇನ್ ಅಣುವಿಗೆ 5.75 ನೀರಿನ ಅಣುಗಳಾಗುತ್ತವೆ, ನಿಸರ್ಗದಲ್ಲಿ ಸಿಗುವುದು ಸುಮಾರು 6ರ ಲೆಕ್ಕಕ್ಕೆ ಬರುತ್ತದೆ. ಒಂದು ಘನ ಮೀಟರ್ ಹೈಡ್ರೇಟ್ ಒಡೆದರೆ ಸಾಮಾನ್ಯ ಒತ್ತಡದಲ್ಲಿ ಸುಮಾರು 164 ಘನ ಮೀಟರ್ ಅನಿಲ ಮತ್ತು 0.8 ಘನ ಮೀಟರ್ ನೀರು ಹೊರಬರುತ್ತವೆ.

ಮಂಜುಗಡ್ಡೆಯ ಹಾಗೆ ಕಂಡರೂ ಅದರ ಗುಣ ಬೇರೆ. ಮಂಜುಗಡ್ಡೆ ಶಾಖವನ್ನು ಚೆನ್ನಾಗಿ ಹರಿಯಬಿಡುತ್ತದೆ. ಅದರ ಉಷ್ಣವಾಹಕತೆ ಸುಮಾರು 2.2 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್. ಹೈಡ್ರೇಟಿನದು 0.6ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ನೀರಿನಷ್ಟೇ. ಒಂದೇ ತಾಪದಲ್ಲಿ ಒಂದೇ ವೇಗದಲ್ಲಿ ಅದುಮಿದಾಗ ಶುದ್ಧ ಮೀಥೇನ್ ಹೈಡ್ರೇಟ್ ಮಂಜುಗಡ್ಡೆಗಿಂತ 20 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆಂದು 2003ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಆದ್ದರಿಂದ ಮಂಜುಗಡ್ಡೆಯಲ್ಲಿ ಕಂಡ ಅಂಕಿಯನ್ನು ಹೈಡ್ರೇಟಿನ ಅಂಕಿಯೆಂದು ವರದಿಯಲ್ಲಿ ಬರೆಯಬಾರದು. ಅದರಿಂದ ಕಲಿಯಬೇಕಾದದ್ದು ರೀತಿಯನ್ನು ಮಾತ್ರ.

ಇದು ಉಳಿಯಲು ತಂಪೂ ಬೇಕು, ಒತ್ತಡವೂ ಬೇಕು. ಶುದ್ಧ ನೀರಿನೊಡನೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2.6 ಮೆಗಾಪ್ಯಾಸ್ಕಲ್, 4 ಡಿಗ್ರಿಯಲ್ಲಿ 3.9, 10 ಡಿಗ್ರಿಯಲ್ಲಿ 7ರಷ್ಟು ಒತ್ತಡ ಬೇಕು. ಸಮುದ್ರದ ಉಪ್ಪುನೀರಿನಲ್ಲಿ ಈ ಮಿತಿ ಸುಮಾರು 1 ಡಿಗ್ರಿಯಷ್ಟು ತಂಪಿನ ಕಡೆಗೆ ಸರಿಯುತ್ತದೆ. 10 ಮೀಟರ್ ನೀರಿಗೆ 0.1 ಮೆಗಾಪ್ಯಾಸ್ಕಲ್ ಎಂದು ಹಿಡಿದರೆ, ತಳದ ನೀರು 4 ಡಿಗ್ರಿ ಇರುವ ಕಡೆ 400 ಮೀಟರಿಗಿಂತ ಆಳಕ್ಕೆ ಹೋದ ಮೇಲೆ ಮಾತ್ರ ಹೈಡ್ರೇಟ್ ನಿಲ್ಲುತ್ತದೆಂದು ಬೆರಳೆಣಿಕೆಯಲ್ಲೇ ತಿಳಿಯುತ್ತದೆ. ಮೇಲೆ ಹೇಳಿದ ಮೂರು ತಾಪ-ಒತ್ತಡಗಳ ಬಿಂದುಗಳನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಿ, ಗೆರೆ ಎಳೆದು, ಪ್ರಾಜೆಕ್ಟ್ ಪುಸ್ತಕದ ಮೊದಲ ಪುಟದಲ್ಲಿ ಅಂಟಿಸಿಕೊಳ್ಳಿ.

ಹಂತ 2: ಹೈಡ್ರೇಟ್ ಕೂರುವ ನಾಲ್ಕು ಜಾಗಗಳನ್ನು ಗುರುತಿಸಿ

ಮೊದಲನೆಯದು, ಕಣಗಳ ನಡುವಿನ ಸಂದಿನಲ್ಲಿ ನೀರಿನೊಳಗೆ ತೇಲಿದಂತೆ ಬೆಳೆಯುವುದು. ಇದು ಸಂದನ್ನು ತುಂಬುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಎರಡನೆಯದು, ಹಾಗೆಯೇ ಬೆಳೆದು ಸಂದಿನ ಕಾಲು ಭಾಗದಿಂದ ಐದರಲ್ಲಿ ಎರಡು ಭಾಗದಷ್ಟು ತುಂಬಿದ ಮೇಲೆ ಎರಡೂ ಕಡೆಯ ಕಣಗಳಿಗೆ ತಾಗಿ, ಅಸ್ಥಿಪಂಜರದ ಭಾಗವಾಗಿ ಭಾರ ಹೊರತೊಡಗುವುದು. ಮೂರನೆಯದು, ಕಣಗಳು ಪರಸ್ಪರ ತಾಗುವ ಬಿಂದುವಿನಲ್ಲೇ ಗಾರೆಯ ಹಾಗೆ ಕಟ್ಟಿಕೊಳ್ಳುವುದು; ಇಲ್ಲಿ ಸ್ವಲ್ಪವೇ ಹೈಡ್ರೇಟ್ ಇದ್ದರೂ ಮರಳು ಬಿಗಿಯಾಗುತ್ತದೆ. ನಾಲ್ಕನೆಯದು ಜೇಡಿಯಲ್ಲಿ ಕಾಣುವಂಥದ್ದು: ಸಂದುಗಳು ತೀರ ಸಣ್ಣದಾದ್ದರಿಂದ ಹೈಡ್ರೇಟ್ ಅವುಗಳೊಳಗೆ ಬೆಳೆಯಲಾರದೆ ಕಣಗಳನ್ನೇ ಪಕ್ಕಕ್ಕೆ ಸರಿಸಿ, ಗೆಡ್ಡೆಗಳಾಗಿಯೋ ನರಗಳಂಥ ಹಾಳೆಗಳಾಗಿಯೋ ಬೆಳೆಯುತ್ತದೆ.

ಇದು ಬರಿಯ ಪುಸ್ತಕದ ವಿಂಗಡಣೆಯಲ್ಲ. ನಮ್ಮ ದೇಶದ ರಾಷ್ಟ್ರೀಯ ಗ್ಯಾಸ್ ಹೈಡ್ರೇಟ್ ಕಾರ್ಯಕ್ರಮದ ಮೊದಲ ಯಾನವು 2006ರಲ್ಲಿ ‘ಜಾಯ್ಡಿಸ್ ರೆಸೊಲ್ಯೂಷನ್’ ಹಡಗಿನಿಂದ ಬಂಗಾಳ ಕೊಲ್ಲಿಯ ಕೃಷ್ಣಾ-ಗೋದಾವರಿ ತಗ್ಗಿನಲ್ಲಿ ಕೊರೆದಾಗ, ಒಂದು ತಾಣದಲ್ಲಿ ನೂರು ಮೀಟರಿಗೂ ಮಿಕ್ಕಿದ ದಪ್ಪದ ಜೇಡಿಯಲ್ಲಿ ಬಿರುಕುಗಳ ಉದ್ದಕ್ಕೂ ತುಂಬಿದ ಹೈಡ್ರೇಟ್ ಸಿಕ್ಕಿತು. 2015ರ ಎರಡನೆಯ ಯಾನದಲ್ಲಿ ಜಪಾನಿನ ‘ಚಿಕ್ಯು’ ಹಡಗು ಅದೇ ತಗ್ಗಿನಲ್ಲಿ ಮರಳಿನ ಪದರಗಳೊಳಗೆ ಹೈಡ್ರೇಟ್ ಕಂಡಿತು. ತಗ್ಗು ಒಂದೇ ಆದರೂ ಈ ಎರಡು ಹೂಳುಗಳ ಮೆಕ್ಯಾನಿಕ್ಸ್ ಒಂದೇ ಅಲ್ಲ. ನಮ್ಮ ಪಕ್ಕದ ಕೇರಳ-ಕೊಂಕಣ ಕಡಲಿನಲ್ಲಿ 2006ರಲ್ಲೇ ಕೊರೆದಾಗ ಹೈಡ್ರೇಟ್ ಸಿಗಲಿಲ್ಲವೆಂಬುದನ್ನೂ, ಮಂಗಳೂರಿನ ಎದುರಿನ ಕಡಲಲ್ಲೇ ಇದೆಯೆಂದು ಉತ್ಸಾಹದಿಂದ ಬರೆಯುವ ತಂಡಗಳು ನೆನಪಿಡಬೇಕು.

ಹಂತ 3: ಮರಳನ್ನು ಸಿದ್ಧಪಡಿಸಿ, ಲೆಕ್ಕ ಕಟ್ಟಿ

ಹೇಮಾವತಿಯ ಮರಳನ್ನು ತೊಳೆದು, ಒಣಗಿಸಿ, 600 ಮೈಕ್ರಾನ್ ಜರಡಿಯಿಂದ ಇಳಿದು 150 ಮೈಕ್ರಾನ್ ಜರಡಿಯ ಮೇಲೆ ನಿಂತ ಭಾಗವನ್ನು ತೆಗೆದುಕೊಳ್ಳಿ. ಎಂ-ಸ್ಯಾಂಡ್ ಸುಲಭವಾಗಿ ಸಿಗುತ್ತದೆ, ಆದರೆ ಅದರ ಕಣಗಳಿಗೆ ಮೊನೆ ಹೆಚ್ಚು, ಕಲ್ಲಿನ ಪುಡಿಯೂ ಬೆರೆತಿರುತ್ತದೆ. ಹೋಲಿಕೆಗೆ ಬೇಕಾದರೆ ಬಳಸಿ, ಮುಖ್ಯ ಮಾದರಿಗೆ ಬೇಡ.

ಅಚ್ಚು 38 ಮಿ.ಮೀ. ವ್ಯಾಸ, 76 ಮಿ.ಮೀ. ಎತ್ತರದ್ದಾಗಿರಲಿ. ಅದರ ಗಾತ್ರ 86.2 ಘನ ಸೆಂ.ಮೀ. ಮರಳಿನ ವಿಶಿಷ್ಟ ಗುರುತ್ವ 2.65, ಬೇಕಾದ ವಾಯ್ಡ್ ರೇಷಿಯೊ (ಕಣಗಳ ಗಾತ್ರಕ್ಕೆ ಸಂದುಗಳ ಗಾತ್ರದ ಅನುಪಾತ) 0.65 ಎಂದಾದರೆ ಒಣ ಸಾಂದ್ರತೆ 1.606 ಗ್ರಾಂ ಪ್ರತಿ ಘನ ಸೆಂ.ಮೀ. ಆಗುತ್ತದೆ, ತೂಗಬೇಕಾದ ಮರಳು 138.4 ಗ್ರಾಂ, ಅದರೊಳಗಿನ ಸಂದುಗಳ ಒಟ್ಟು ಗಾತ್ರ 34 ಘನ ಸೆಂ.ಮೀ. ಈ ಸಂದುಗಳಲ್ಲಿ ನೂರಕ್ಕೆ 40ರಷ್ಟು ಮೀಥೇನ್ ಹೈಡ್ರೇಟ್ ತುಂಬಬೇಕೆಂದು ಊಹಿಸಿ. ಹೈಡ್ರೇಟಿನ ಗಾತ್ರ 13.6 ಘನ ಸೆಂ.ಮೀ.; ಸಾಂದ್ರತೆ 0.92 ಎಂದರೆ ತೂಕ 12.5 ಗ್ರಾಂ, ಅದರಲ್ಲಿ ನೀರಿನ ಪಾಲು ನೂರಕ್ಕೆ 87, ಅಂದರೆ 10.9 ಗ್ರಾಂ. ಉಳಿದ 1.6 ಗ್ರಾಂ ಮೀಥೇನ್. ಕೈಮುಷ್ಟಿಯಲ್ಲಿ ಹಿಡಿಯುವಷ್ಟು ಚಿಕ್ಕ ಮಾದರಿ ಕರಗಿದಾಗ ಹೊರಡುವ ಅನಿಲ ಎರಡು ಲೀಟರಿಗೂ ಹೆಚ್ಚು ಎಂಬುದು ಈ ಲೆಕ್ಕದಿಂದಲೇ ಹೊರಬೀಳುತ್ತದೆ.

ಮೀಥೇನನ್ನೇ ತಂದು ಇದನ್ನು ಮಾಡಿ ನೋಡುವ ಆಸೆಯನ್ನು ಇಲ್ಲಿಗೇ ಬಿಡಿ. ಹತ್ತಾರು ಪಟ್ಟು ವಾತಾವರಣದ ಒತ್ತಡದ ದಹ್ಯ ಅನಿಲವನ್ನು ಅದಕ್ಕೆಂದೇ ತಯಾರಾದ ಪಾತ್ರೆಯಿಲ್ಲದೆ ಮುಟ್ಟುವುದು ಸಲ್ಲದು. ಲೆಕ್ಕ ಮಾತ್ರ ಇಟ್ಟುಕೊಳ್ಳಿ, ಮುಂದಿನ ಹಂತದಲ್ಲಿ ಆ 10.9 ಗ್ರಾಂ ನೀರು ಬೇಕಾಗುತ್ತದೆ.

ಹಂತ 4: ಮಂಜುಗಡ್ಡೆಯಿಂದ ಎರಡು ಮಾದರಿ

ಇಡೀ ಪ್ರಾಜೆಕ್ಟಿನಲ್ಲಿ ಒಂದೇ ಒಂದು ಪ್ರಯೋಗ ಮಾಡಲು ಸಮಯವಿದ್ದರೆ ಇದನ್ನೇ ಮಾಡಿ.

ಮೊದಲ ಮಾದರಿಗೆ 138.4 ಗ್ರಾಂ ಮರಳಿಗೆ 10.9 ಗ್ರಾಂ ನೀರು ಬೆರೆಸಿ, ಸಮನಾಗಿ ಕಲಸಿ, ಅಚ್ಚಿನಲ್ಲಿ ಪದರ ಪದರವಾಗಿ ತುಂಬಿ, ಡೀಪ್ ಫ್ರೀಜರಿನಲ್ಲಿ ಮೈನಸ್ 10 ಡಿಗ್ರಿಯಲ್ಲಿ ಒಂದು ರಾತ್ರಿ ಇಡಿ. ಎರಡನೆಯ ಮಾದರಿಗೆ ಅಷ್ಟೇ ಮರಳನ್ನು ಒಣಗಿರುವಾಗಲೇ ಫ್ರೀಜರಿನಲ್ಲಿಟ್ಟು ತಣ್ಣಗಾಗಿಸಿ, 10.9 ಗ್ರಾಂ ಮಂಜುಗಡ್ಡೆಯನ್ನು ತಣ್ಣಗಿನ ಕುಟ್ಟಾಣಿಯಲ್ಲಿ ಕುಟ್ಟಿ, ಮರಳಿನ ಕಣದಷ್ಟು ಸಣ್ಣದಾಗಿಸಿ, ಎಲ್ಲವೂ ಸೊನ್ನೆಗಿಂತ ಸಾಕಷ್ಟು ಕೆಳಗಿರುವಾಗಲೇ ಮರಳಿನೊಡನೆ ಬೆರೆಸಿ, ತಣ್ಣಗಿನ ಅಚ್ಚಿಗೆ ತುಂಬಿ. ಎರಡರಲ್ಲೂ ಸಂದುಗಳ ಗಾತ್ರದಲ್ಲಿ ನೂರಕ್ಕೆ ಸುಮಾರು 35ರಷ್ಟು ಪಾಲು ಮಂಜುಗಡ್ಡೆಯೇ. ತಕ್ಕಡಿಯಲ್ಲಿ ಇಟ್ಟರೆ ಎರಡಕ್ಕೂ ವ್ಯತ್ಯಾಸವಿಲ್ಲ.

ಅಚ್ಚಿನಿಂದ ತೆಗೆದಾಗ ಮಾತ್ರ ಮೊದಲನೆಯದು ಕಲ್ಲಿನ ಕಂಬದ ಹಾಗೆ ನಿಲ್ಲುತ್ತದೆ, ಬೆರಳ ಗೆಣ್ಣಿನಿಂದ ತಟ್ಟಿದರೆ ಟಣ್ಣೆನ್ನುತ್ತದೆ. ಎರಡನೆಯದು ತನ್ನ ಭಾರಕ್ಕೇ ಅಂಚು ಉದುರಿಸಿಕೊಳ್ಳುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಸಕ್ಕರೆಯಂತೆ ಪುಡಿಯಾಗುತ್ತದೆ. ಒದ್ದೆ ಮರಳಿನಲ್ಲಿ ನೀರು ಕಣಗಳು ತಾಗುವ ಬಿಂದುವಿನ ಸುತ್ತ ಉಂಗುರದಂತೆ ನಿಂತಿರುತ್ತದೆ, ಹೆಪ್ಪುಗಟ್ಟಿದಾಗ ಅಲ್ಲೇ ಗಾರೆಯಾಗುತ್ತದೆ. ಕುಟ್ಟಿ ಬೆರೆಸಿದ ಮಂಜುಗಡ್ಡೆಯಾದರೋ ಇನ್ನೊಂದು ಬಗೆಯ ಕಣವಷ್ಟೇ.

ಒಂದು ಎಚ್ಚರಿಕೆ: ಎರಡನೆಯ ಮಾದರಿಯನ್ನು ಒಂದು ಗಂಟೆಯೊಳಗೆ ಪರೀಕ್ಷಿಸಿ. ರಾತ್ರಿಯಿಡೀ ಬಿಟ್ಟರೆ ಮಂಜಿನ ಕಣಗಳು ತಾವಾಗಿಯೇ ಪರಸ್ಪರ ಬೆಸೆದುಕೊಂಡು ಫಲಿತಾಂಶ ಕೆಡುತ್ತದೆ. ಹಾಗೆ ಕೆಟ್ಟರೂ ಕಲಿಯಲು ಒಂದು ವಿಷಯ ಸಿಕ್ಕಂತೆಯೇ, ಏಕೆಂದರೆ ಹೈಡ್ರೇಟಿನ ಮಾದರಿಗಳೂ ಕಾಲ ಕಳೆದಂತೆ ಒಳಗೊಳಗೇ ಜಾಗ ಬದಲಿಸುತ್ತವೆ.

ನಿಜವಾದ ಮೀಥೇನ್ ಪ್ರಯೋಗಾಲಯಗಳಲ್ಲೂ ಇದೇ ಕಥೆ. ಒದ್ದೆ ಮರಳಿಗೆ ಅನಿಲ ತುಂಬಿ ಹೈಡ್ರೇಟ್ ಬೆಳೆಸಿದರೆ ಅದು ಗಾರೆಯಂತೆ ಕೂರುತ್ತದೆ. ನೀರಿನಲ್ಲಿ ಕರಗಿದ ಅನಿಲದಿಂದ ನಿಧಾನವಾಗಿ ಬೆಳೆಸಿದರೆ ಸಂದನ್ನು ತುಂಬುತ್ತದೆ. ಎರಡೂ ವರದಿಗಳಲ್ಲಿ ನೂರಕ್ಕೆ 40 ಎಂದೇ ಬರೆದಿರುತ್ತದೆ, ಬಿಗಿತ ಮಾತ್ರ ಅಜಗಜಾಂತರ.

ಹಂತ 5: ಟಿಎಚ್‌ಎಫ್ ಹೈಡ್ರೇಟ್

ಮೀಥೇನಿನ ಬದಲು ಬಳಸಬಹುದಾದ ಟೆಟ್ರಾಹೈಡ್ರೊಫ್ಯೂರಾನ್ (ಟಿಎಚ್‌ಎಫ್) ಎಂಬ ದ್ರವ ನೀರಿನಲ್ಲಿ ಪೂರ್ತಿ ಬೆರೆಯುತ್ತದೆ, ಮತ್ತು ಸಾಮಾನ್ಯ ವಾತಾವರಣದ ಒತ್ತಡದಲ್ಲೇ 4.4 ಡಿಗ್ರಿಗಿಂತ ಕೆಳಗೆ ಹೈಡ್ರೇಟ್ ಆಗುತ್ತದೆ. ಒಂದು ಟಿಎಚ್‌ಎಫ್ ಅಣುವಿಗೆ 17 ನೀರಿನ ಅಣುಗಳು. ತೂಕದ ಲೆಕ್ಕದಲ್ಲಿ 19 ಗ್ರಾಂ ಟಿಎಚ್‌ಎಫ್‌ಗೆ 81 ಗ್ರಾಂ ನೀರು. ಬಿತ್ತನೆ ಆಲೂಗಡ್ಡೆಯನ್ನು ಕೋಲ್ಡ್ ಸ್ಟೋರೇಜಿನಲ್ಲಿ 2ರಿಂದ 4 ಡಿಗ್ರಿಯಲ್ಲಿ ಕಾಪಾಡುವ ನಮ್ಮ ಜಿಲ್ಲೆಯವರಿಗೆ ಈ ತಾಪ ಅಪರಿಚಿತವಲ್ಲ. ಮಾದರಿಯನ್ನು ಅಲ್ಲೇ ಇಟ್ಟುಬರಬಹುದೇ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದುಂಟು. ಖಂಡಿತ ಕೂಡದು, ಟಿಎಚ್‌ಎಫ್‌ನ ಆವಿ ಸೊನ್ನೆಗಿಂತ ಕೆಳಗಿನ ತಾಪದಲ್ಲೂ ಹೊತ್ತಿಕೊಳ್ಳಬಲ್ಲದು.

ಇದೇ ಕಾರಣಕ್ಕೆ ದ್ರವ ಅಳೆಯುವುದು, ಬೆರೆಸುವುದು, ಮರಳಿಗೆ ಸುರಿಯುವುದು ಇವೆಲ್ಲವೂ ರಸಾಯನಶಾಸ್ತ್ರ ವಿಭಾಗದ, ಆವಿಯನ್ನು ಹೊರಕ್ಕೆಳೆಯುವ ಫ್ಯೂಮ್ ಹುಡ್‌ನಲ್ಲಿ, ಅಲ್ಲಿನ ಅಧ್ಯಾಪಕರ ಎದುರಿನಲ್ಲೇ ನಡೆಯಬೇಕು. ಮನೆಯ ಫ್ರಿಜ್‌ನೊಳಗೆ ಥರ್ಮೊಸ್ಟಾಟ್ ಕಿಡಿ ಹಾರಿಸುತ್ತದೆ, ಆದ್ದರಿಂದ ದಹ್ಯ ದ್ರಾವಕಗಳಿಗೆಂದೇ ಮಾಡಿದ ಕಿಡಿರಹಿತ ಫ್ರಿಜ್ ಇಲ್ಲದಿದ್ದರೆ ಈ ಹಂತವನ್ನು ಬಿಟ್ಟು ಹಂತ 4ರಲ್ಲೇ ನಿಲ್ಲಿಸಿ. ಅದರಿಂದ ಪ್ರಾಜೆಕ್ಟಿಗೆ ಕುಂದೇನೂ ಇಲ್ಲ. ಹಳೆಯ ಬಾಟಲಿಯಲ್ಲಿ ಗಾಳಿ ತಾಗಿ ಪೆರಾಕ್ಸೈಡ್ ಬೆಳೆದಿರುವ ಸಾಧ್ಯತೆಯಿರುವುದರಿಂದ ಹೊಸ ಬಾಟಲಿಯನ್ನೇ ಬಳಸಿ. ಅಚ್ಚು ಸ್ಟೀಲಿನದ್ದಾಗಿರಲಿ. ನಮ್ಮ ಮೊದಲ ತಂಡವು ತಂಪು ಉಳಿಯಲೆಂದು ಮೀನಿನ ಅಂಗಡಿಯಿಂದ ಥರ್ಮೋಕೋಲ್ ಪೆಟ್ಟಿಗೆ ತಂದು ಅದರೊಳಗೇ ಅಳತೆ ಮಾಡಲು ಹೊರಟಿತ್ತು. ಅಪ್ಪಟ ಟಿಎಚ್‌ಎಫ್ ನಾಲ್ಕು ಹನಿ ಚೆಲ್ಲಿದ್ದೇ ತಡ, ಪೆಟ್ಟಿಗೆಯ ತಳ ಚುಸ್ಸೆಂದು ಕುಸಿದು, ಬೆರಳು ತೂರುವಷ್ಟು ತೂತಾಗಿ, ಅಂಚಿನಲ್ಲಿ ಅಂಟಂಟಾದ ಲೋಳೆ ಉಳಿಯಿತು. ಥರ್ಮೋಕೋಲ್, ಪಿವಿಸಿ ಎರಡೂ ಇದರಲ್ಲಿ ಕರಗುತ್ತವೆ. ಮಾದರಿಯನ್ನು ಸುತ್ತಲಿಂದಲೂ ಒತ್ತಿ ನೋಡುವ ಟ್ರೈಆಕ್ಸಿಯಲ್ ಪರೀಕ್ಷೆಯ ರಬ್ಬರ್ ಪೊರೆಯೂ ಉಬ್ಬುತ್ತದೆ. ಹೀಗಾಗಿ ಪೊರೆ ಬೇಡದ, ಮೇಲಿನಿಂದ ಮಾತ್ರ ಅದುಮುವ ಅನ್‌ಕನ್‌ಫೈನ್ಡ್ ಕಂಪ್ರೆಷನ್ ಪರೀಕ್ಷೆಯೇ ನಮಗೆ ಸಾಕು.

ದ್ರಾವಣದಿಂದ ಪೂರ್ತಿ ತೊಯ್ದ ಮರಳಿನ ನಡುವೆ ತಾಪ ಅಳೆಯುವ ತೆಳುವಾದ ಥರ್ಮೋಕಪಲ್ ತಂತಿಯೊಂದನ್ನು ಹುದುಗಿಸಿ, ಬಾಯಿ ಮುಚ್ಚಿ, ತಂಪಿಗೆ ಇಟ್ಟು ಕಾಯಿರಿ. ಇಲ್ಲಿ ಬೇಕಾದದ್ದು ತಾಳ್ಮೆ. ತಾಪ 4 ಡಿಗ್ರಿ ದಾಟಿ ಇಳಿದರೂ ಏನೂ ಆಗುವುದಿಲ್ಲ. 2ಕ್ಕೆ, 0ಗೆ, ಕೆಲವೊಮ್ಮೆ ಮೈನಸ್ 3ಕ್ಕೆ ಬಂದರೂ ದ್ರವ ದ್ರವವಾಗಿಯೇ ಉಳಿದಿರುತ್ತದೆ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಅಂಕಿ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿದು 4ರ ಹತ್ತಿರ ಬಂದು ನಿಲ್ಲುತ್ತದೆ. ಹೈಡ್ರೇಟ್ ಹುಟ್ಟುವಾಗ ಬಿಡುಗಡೆಯಾದ ಶಾಖ ಅದು. ನಿಂತದ್ದು 4ರ ಬಳಿಯಾದರೆ ಹೈಡ್ರೇಟ್, 0ಯ ಬಳಿ ಅಥವಾ ಅದಕ್ಕೂ ಕೆಳಗಾದರೆ ಬರಿಯ ಮಂಜುಗಡ್ಡೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಸಂದುಗಳನ್ನು ಅರ್ಧ ಮಾತ್ರ ತುಂಬಬೇಕೆಂದು ಟಿಎಚ್‌ಎಫ್ ಪ್ರಮಾಣವನ್ನು ಅರ್ಧಕ್ಕೆ ಇಳಿಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹೈಡ್ರೇಟ್ ಬೆಳೆದಂತೆಲ್ಲ ಉಳಿದ ದ್ರಾವಣ ತೆಳುವಾಗುತ್ತ ಹೋಗುತ್ತದೆ, ತೆಳುವಾದಷ್ಟೂ ಅದಕ್ಕೆ ಇನ್ನೂ ಕಡಿಮೆ ತಾಪ ಬೇಕಾಗುತ್ತದೆ. ಹೀಗಾಗಿ 1 ಡಿಗ್ರಿಯಲ್ಲಿ ಇಟ್ಟ ಮಾದರಿಯಲ್ಲಿ ಎಲ್ಲ ಟಿಎಚ್‌ಎಫ್ ಹೈಡ್ರೇಟ್ ಆಗಿರುವುದಿಲ್ಲ. ಲೆಕ್ಕದಿಂದ ಬಂದ ಅಂಕಿಯನ್ನು ಗರಿಷ್ಠ ಮಿತಿಯೆಂದು ಮಾತ್ರ ಬರೆಯಿರಿ.

ಜೇಡಿಯ ನಡವಳಿಕೆ ನೋಡಬೇಕೆಂದರೆ ನುಣ್ಣನೆಯ ಕೆರೆಗೋಡನ್ನು ಇದೇ ದ್ರಾವಣದಿಂದ ಕಲಸಿ, ಒಂದು ಕಡೆಯಿಂದ ಮಾತ್ರ ತಂಪು ಕೊಟ್ಟು, ಹೆಪ್ಪುಗಟ್ಟಿದ ಮೇಲೆ ಚಾಕುವಿನಿಂದ ಸೀಳಿ. ಕಪ್ಪು ಗೋಡಿನ ನಡುವೆ ಬಿಳಿಯ ನರಗಳು ಕಂಡರೆ, ಹಂತ 2ರಲ್ಲಿ ಹೇಳಿದ ನಾಲ್ಕನೆಯ ಬಗೆ ಅದೇ.

ಹಂತ 6: ಅದುಮಿ ನೋಡುವುದು

ಮೆತ್ತನೆಯ ಜೇಡಿಗೆ ಬಳಸುವ 1 ಅಥವಾ 2 ಕಿಲೋನ್ಯೂಟನ್‌ನ ಪ್ರೂವಿಂಗ್ ರಿಂಗ್ (ಭಾರ ಅಳೆಯುವ ಉಕ್ಕಿನ ಬಳೆ) ಇಲ್ಲಿ ಸಾಲದು. ಮಾದರಿಯ ಅಡ್ಡಕೊಯ್ತ 1134 ಚದರ ಮಿ.ಮೀ.; ಬಲ 5 ಮೆಗಾಪ್ಯಾಸ್ಕಲ್‌ಗೆ ಹೋದರೆ ಭಾರ 5.7 ಕಿಲೋನ್ಯೂಟನ್ ಆಗುತ್ತದೆ. 10 ಕಿಲೋನ್ಯೂಟನ್‌ಗೆ ಕಡಿಮೆಯಿಲ್ಲದ ರಿಂಗ್ ಹಾಕಿ. ಮೇಲಿನ ಕೆಳಗಿನ ಪ್ಲೇಟುಗಳನ್ನು ಹಿಂದಿನ ರಾತ್ರಿಯೇ ತಂಪಿಗಿಟ್ಟಿರಿ. ನಿಮಿಷಕ್ಕೆ 1.25 ಮಿ.ಮೀ. ವೇಗದಲ್ಲಿ ಎತ್ತರದ ಹತ್ತನೇ ಒಂದು ಭಾಗ ಕುಗ್ಗಲು 6 ನಿಮಿಷ ಬೇಕು, ಅಷ್ಟರೊಳಗೆ ಹೊರಮೈ ಕರಗತೊಡಗುತ್ತದೆ. ಆದ್ದರಿಂದ ಮಾದರಿಯ ಸುತ್ತ ಐಸ್ ಪ್ಯಾಕ್ ಕಟ್ಟಿ, ಡಿಸೆಂಬರ್-ಜನವರಿಯ ಮುಂಜಾನೆಯಲ್ಲಿ, ಕಿಟಕಿಗಳನ್ನು ಪೂರ್ತಿ ತೆರೆದಿಟ್ಟು ಪರೀಕ್ಷೆ ನಡೆಸಿ. ಹಾಸನದ ಚಳಿ ಉಪಯೋಗಕ್ಕೆ ಬರುವುದು ಇಂಥ ಹೊತ್ತಿನಲ್ಲಿ. ಟಿಎಚ್‌ಎಫ್ ಮಾದರಿಯ ಆವಿ ಹೊರಹೋಗಲೂ ಗಾಳಿ ಬೇಕು, ಸುತ್ತಮುತ್ತ ಕಿಡಿ ಹಾರುವ ಯಾವುದೂ ಇರಬಾರದು.

ಭಾರಕ್ಕೆ ಎದುರಾಗಿ ಕುಗ್ಗುವಿಕೆಯನ್ನು ಗುರುತಿಸಿದ ಗ್ರಾಫಿನಲ್ಲಿ ಮೂರು ವಿಷಯ ನೋಡಿ: ಆರಂಭದ ಗೆರೆ ಎಷ್ಟು ಕಡಿದಾಗಿದೆ, ತುದಿ ಎಷ್ಟು ಎತ್ತರಕ್ಕೆ ಹೋಗಿದೆ, ತುದಿಯ ನಂತರ ಎಷ್ಟು ಬೇಗ ಇಳಿದಿದೆ. ಗಾರೆಯಂತೆ ಕಟ್ಟಿದ ಮಾದರಿ ಕಡಿದಾಗಿ ಏರಿ, ತಟ್ಟನೆ ಒಡೆದು ಇಳಿಯುತ್ತದೆ. ಹೈಡ್ರೇಟ್ ಹೆಚ್ಚಿದಂತೆ ಮರಳಿನ ಅಂಟುಬಲ ಏರುತ್ತದೆ, ಅದುಮುವಾಗ ಉಬ್ಬುವ ಗುಣವೂ ಹೆಚ್ಚುತ್ತದೆ. ಕಣಗಳ ನಡುವಿನ ಘರ್ಷಣೆಯ ಅಳತೆಯಾದ ಘರ್ಷಣ ಕೋನ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ ಎಂಬುದು ಪ್ರಕಟಿತ ಟ್ರೈಆಕ್ಸಿಯಲ್ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಪಾರ್ಶ್ವದ ಒತ್ತಡವಿಲ್ಲದ ನಮ್ಮ ಪರೀಕ್ಷೆ ಕೋನವನ್ನು ಬೇರ್ಪಡಿಸಿ ಕೊಡಲಾರದು, ಆದ್ದರಿಂದ ಅದನ್ನು ಅಳೆದೆವೆಂದು ಬರೆಯಬೇಡಿ.

ಹಂತ 7: ಕರಗಿದಾಗ ಏನಾಗುತ್ತದೆಂದು ಕಾಗದದ ಮೇಲೆ ಲೆಕ್ಕ ಹಾಕಿ

ಟಿಎಚ್‌ಎಫ್ ಹೈಡ್ರೇಟ್ ಕರಗಿದರೆ ಅನಿಲ ಬರುವುದಿಲ್ಲ. ಮೀಥೇನ್ ಹೈಡ್ರೇಟಿನ ನಿಜವಾದ ಅಪಾಯ ಇರುವುದೇ ಅನಿಲದಲ್ಲಿ, ಹಾಗಾಗಿ ಈ ಹಂತ ಲೆಕ್ಕದಲ್ಲೇ ನಡೆಯಬೇಕು. 1000 ಮೀಟರ್ ನೀರು, ಅದರಡಿಯಲ್ಲಿ 200 ಮೀಟರ್ ಹೂಳು ಎಂದುಕೊಳ್ಳಿ. ಅಲ್ಲಿ ಸಂದುನೀರಿನ ಒತ್ತಡ ಸುಮಾರು 12 ಮೆಗಾಪ್ಯಾಸ್ಕಲ್. ಹೂಳಿನ ಮುಳುಗು ತೂಕ ಘನ ಮೀಟರಿಗೆ 8 ಕಿಲೋನ್ಯೂಟನ್ ಎಂದರೆ ಕಣಗಳ ನಡುವಿನ ಒತ್ತಡ, ಅಂದರೆ ಎಫೆಕ್ಟಿವ್ ಸ್ಟ್ರೆಸ್, 1.6 ಮೆಗಾಪ್ಯಾಸ್ಕಲ್ ಮಾತ್ರ. ಆ ಆಳದ ಒತ್ತಡದಲ್ಲಿ ಒಂದು ಘನ ಮೀಟರ್ ಹೈಡ್ರೇಟ್ ಒಡೆದರೆ ನೀರೂ ಅನಿಲವೂ ಸೇರಿ ಸುಮಾರು ಎರಡು ಘನ ಮೀಟರ್ ಜಾಗ ಕೇಳುತ್ತವೆ. ಜೇಡಿಯಲ್ಲಿ ಅವು ಬೇಗ ಹೊರಹೋಗಲಾರವು. ಸಂದಿನ ಒತ್ತಡ 12ರಿಂದ 13.6ಕ್ಕೆ ಏರಿದರೆ ಸಾಕು, ಕಣಗಳು ಪರಸ್ಪರ ಹಿಡಿದುಕೊಂಡಿದ್ದ ಬಲ ಸೊನ್ನೆಯಾಗುತ್ತದೆ. ಸಕಲೇಶಪುರದ ದೋಣಿಗಾಲ್ ಬಳಿ ಮಳೆಗಾಲದಲ್ಲಿ ಹೆದ್ದಾರಿಯ ಅಂಚು ಜಾರಿದ್ದನ್ನು ನೋಡಿದವರಿಗೆ, ನೀರಿನ ಒತ್ತಡ ಏರಿದಾಗ ಇಳಿಜಾರು ಹೇಗೆ ಸೋಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಮಳೆಯ ಬದಲು ಅನಿಲವಿದೆ.

ಆದರೆ ಇದು ಹೂಳು ಬಿಸಿಯಾದಾಗಿನ ಮಾತು. ಅನಿಲ ತೆಗೆಯಲೆಂದು ಬಾವಿಯ ಒತ್ತಡವನ್ನು ಇಳಿಸಿದಾಗ ಆಗುವುದು ತದ್ವಿರುದ್ಧ. ಸಂದಿನ ಒತ್ತಡ ಇಳಿದು ಎಫೆಕ್ಟಿವ್ ಸ್ಟ್ರೆಸ್ ಏರುತ್ತದೆ, ಅದೇ ಹೊತ್ತಿಗೆ ಗಾರೆಯಾಗಿದ್ದ ಹೈಡ್ರೇಟ್ ಕರಗುತ್ತದೆ, ಹೂಳು ಕುಗ್ಗುತ್ತದೆ, ಬಿಡಿಯಾದ ಮರಳು ಅನಿಲದೊಡನೆ ಬಾವಿಗೆ ನುಗ್ಗುತ್ತದೆ. ಜಪಾನ್ 2013ರಲ್ಲಿ ನಾನ್ಕಾಯ್ ಕಡಲಲ್ಲಿ ನಡೆಸಿದ ಪರೀಕ್ಷೆ ಸುಮಾರು 6 ದಿನಗಳಲ್ಲಿ ನಿಂತದ್ದು ಮರಳಿನಿಂದಲೇ. ಕರಗುವ ಹೈಡ್ರೇಟ್ ಸುತ್ತಲಿನ ಶಾಖವನ್ನೂ ಹೀರುತ್ತದೆ, ಒಂದು ಮೋಲ್ ಮೀಥೇನಿಗೆ ಸುಮಾರು 54 ಕಿಲೋಜೂಲ್; ಹಾಗಾಗಿ ಕರಗುವಿಕೆ ತನ್ನನ್ನು ತಾನೇ ತಣಿಸಿಕೊಂಡು ನಿಧಾನವಾಗುತ್ತದೆ. ಕೊರೆದು ತೆಗೆದ ಮಣ್ಣಿನ ಕಂಬವನ್ನು ಹಡಗಿನ ಮೇಲೆ ಇನ್‌ಫ್ರಾರೆಡ್ ಕ್ಯಾಮೆರಾದಿಂದ ನೋಡಿ, ತಣ್ಣಗಿರುವ ಕಡೆಯೇ ಹೈಡ್ರೇಟ್ ಇತ್ತೆಂದು ಗುರುತಿಸುವುದು ಈ ಗುಣದಿಂದಲೇ.

ಹಂತ 8: ವರದಿ ಮತ್ತು ಶುಚಿ

ಪ್ರತಿ ಮಾದರಿಯ ಎದುರಿಗೆ ಹೈಡ್ರೇಟಿನ ಅಥವಾ ಮಂಜಿನ ಪ್ರಮಾಣದ ಜೊತೆಗೆ ಅದನ್ನು ಬೆಳೆಸಿದ ವಿಧಾನ, ತಂಪಿನಲ್ಲಿಟ್ಟ ಒಟ್ಟು ಗಂಟೆಗಳು, ಪರೀಕ್ಷೆಯ ಆರಂಭ ಮತ್ತು ಅಂತ್ಯದ ಒಳತಾಪ ಇವುಗಳಿಗೆ ಪ್ರತ್ಯೇಕ ಕಲಂ ಇರಲಿ. ವಿಧಾನದ ಕಲಂ ಖಾಲಿಯಿರುವ ಬಲದ ಅಂಕಿಯನ್ನು ಯಾರೂ ಯಾವುದಕ್ಕೂ ಹೋಲಿಸಲಾರರು.

ಕೊನೆಯದಾಗಿ, ಒಡೆದ ಮಾದರಿಯನ್ನು ತೇವಾಂಶ ನೋಡಲೆಂದು 105 ಡಿಗ್ರಿಯ ಓವನ್‌ಗೆ ಇಡುವುದು ಮಣ್ಣಿನ ಪ್ರಯೋಗಾಲಯದಲ್ಲಿ ಕೈಗೆ ಅಂಟಿದ ಅಭ್ಯಾಸ. ಮಂಜಿನ ಮಾದರಿಗೆ ಅದು ಸರಿ. ಟಿಎಚ್‌ಎಫ್ ತಾಗಿದ ಮರಳನ್ನು ಮಾತ್ರ ಯಾವ ಕಾರಣಕ್ಕೂ ಓವನ್ನಿನ ಬಳಿಗೆ ಒಯ್ಯದೆ, ರಸಾಯನಶಾಸ್ತ್ರ ವಿಭಾಗದ ದ್ರಾವಕ ತ್ಯಾಜ್ಯದ ಡಬ್ಬಿಗೆ ಹಾಕಿಸಿ, ಡಬ್ಬಿಯ ಮೇಲೆ ಹೆಸರನ್ನೂ ದಿನಾಂಕವನ್ನೂ ಬರೆದು ಬನ್ನಿ.